ಟ್ರಾಮು ನಿಂತ ಮೇಲೆ ಉಳಿದ ಮನೆ

ಅರಮನೆಯೊಂದು ಪಾಳುಬಿದ್ದರೆ ಅದಕ್ಕಾಗಿ ಮರುಗುವವರು ಸಿಗುತ್ತಾರೆ. ಗುಡಿಯ ಗೋಪುರ ಬಿರುಕುಬಿಟ್ಟರೆ ಜೀರ್ಣೋದ್ಧಾರಕ್ಕೆಂದು ಚಂದಾ ಎತ್ತುವವರು ಸಿಗುತ್ತಾರೆ. ಕಾರ್ಖಾನೆಯ ಪಾಡು ಹಾಗಲ್ಲ. ಅದು ದುಡಿಯುವಷ್ಟು ಕಾಲ ಅದರ ಹೊಗೆಯನ್ನು ಬೈಯುತ್ತೇವೆ. ದುಡಿಮೆ ನಿಂತ ಮರುದಿನವೇ ಅದು ನಿಂತ ನೆಲಕ್ಕೆ ಬೆಲೆ ಕಟ್ಟುತ್ತೇವೆ. ಅದರಲ್ಲೂ ವಿದ್ಯುದಾಗಾರಗಳ ಗತಿ ಕಷ್ಟದ್ದು. ಅವುಗಳೊಳಗಿನ ಯಂತ್ರಗಳನ್ನು ಗುಜರಿಯವರು ಹೊತ್ತೊಯ್ದರೆ ಉಳಿಯುವುದು ಬೃಹತ್ತಾದ ಒಂದು ಬಯಲು, ಸುತ್ತ ನಾಲ್ಕು ಗೋಡೆ. ಮನುಷ್ಯರ ವಾಸಕ್ಕೆ ಕಟ್ಟಿದ್ದಲ್ಲವಾದ್ದರಿಂದ ಅಲ್ಲಿ ಮನುಷ್ಯನ ಅಳತೆಗೆ ಒಪ್ಪುವ ಒಂದು ಕೋಣೆಯೂ ಇರುವುದಿಲ್ಲ.

ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ಇಂಥ ಎರಡು ಮನೆಗಳಿವೆ. ಎರಡನ್ನೂ ಕಟ್ಟಿಸಿದವರು ನ್ಯೂ ಸೌತ್ ವೇಲ್ಸ್ ಸರಕಾರದ ರೈಲ್ವೆಯವರು; ಒಂದನ್ನು ಟ್ರಾಮುಗಳಿಗಾಗಿ, ಇನ್ನೊಂದನ್ನು ಮುಖ್ಯವಾಗಿ ವಿದ್ಯುತ್ ರೈಲುಗಳಿಗಾಗಿ. ಮೊದಲನೆಯದನ್ನು 2017ರಲ್ಲಿ ಕಂಡೆ. ಎರಡನೆಯದರೊಳಕ್ಕೆ ಕಾಲಿಡುವ ಯೋಗ 2024ರಲ್ಲಿ ಒದಗಿತು. ಒಂದೇ ನಗರದಲ್ಲಿರುವ ಈ ಎರಡು ಮನೆಗಳ ಜಾತಕ ಮಾತ್ರ ಬೇರೆ ಬೇರೆ.

ಮೊದಲನೆಯದು ಇರುವ ಬಡಾವಣೆಯ ಹೆಸರು ಅಲ್ಟಿಮೊ. ಈ ಹೆಸರಿನ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸಿಡ್ನಿ ಇನ್ನೂ ಕೈದಿಗಳ ವಸಾಹತಾಗಿದ್ದ ಕಾಲ. ಜಾನ್ ಹ್ಯಾರಿಸ್ ಎಂಬ ಸೈನ್ಯದ ವೈದ್ಯನ ಮೇಲೆ 1803ರಲ್ಲಿ ಸೇನಾ ನ್ಯಾಯಾಲಯದಲ್ಲಿ ಆಪಾದನೆ ಹೊರಿಸಿದರು. ಆಪಾದನೆಯ ಪತ್ರದಲ್ಲಿ ತಾರೀಖಿನ ಮುಂದೆ 'ಈ ತಿಂಗಳ' ಎಂಬ ಅರ್ಥದ ಲ್ಯಾಟಿನ್ ಮಾತನ್ನು ಬರೆಯಬೇಕಾದಲ್ಲಿ ಗುಮಾಸ್ತ 'ಕಳೆದ ತಿಂಗಳ' ಎಂಬ ಅರ್ಥದ 'ಅಲ್ಟಿಮೊ' ಎಂಬ ಮಾತನ್ನು ಬರೆದುಬಿಟ್ಟ. ಆ ಒಂದು ಪದದಿಂದ ಮೊಕದ್ದಮೆ ಬಿದ್ದುಹೋಯಿತು. ಬಿಡುಗಡೆಯಾದ ಹ್ಯಾರಿಸ್ ತನ್ನ ಜಮೀನಿಗೆ ಅಲ್ಟಿಮೊ ಎಂದೇ ಹೆಸರಿಟ್ಟ. ವ್ಯಾಕರಣ ಮನುಷ್ಯನನ್ನು ಕಾಪಾಡಿದ ಪ್ರಸಂಗಗಳು ವಿರಳ. ನಮ್ಮ ಪಂಡಿತರು ಇದನ್ನು ನೆನಪಿಟ್ಟುಕೊಳ್ಳಬಹುದು. ವೈದ್ಯನ ಹೆಸರೂ ಅಲ್ಲಿಯ ಹ್ಯಾರಿಸ್ ಬೀದಿಯಲ್ಲಿ ಉಳಿದಿದೆ.

ಆದರೆ ನಮ್ಮ ಕಥೆ ಆರಂಭವಾಗುವುದು ಅಲ್ಲಿಂದ ತುಸು ದೂರದ ಸಸ್ಯೋದ್ಯಾನದಲ್ಲಿ. 1879ರ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ ಅಂತರರಾಷ್ಟ್ರೀಯ ಪ್ರದರ್ಶನವೊಂದು ಏರ್ಪಾಡಾಯಿತು. ಅದಕ್ಕಾಗಿ ಜೇಮ್ಸ್ ಬಾರ್ನೆಟ್ ಎಂಬ ವಾಸ್ತುಶಿಲ್ಪಿ ನೆತ್ತಿಯ ಮೇಲೆ ಭಾರಿ ಗುಮ್ಮಟ ಹೊತ್ತ 'ಉದ್ಯಾನದ ಅರಮನೆ'ಯನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಿ ನಿಲ್ಲಿಸಿದ. ರೈಲು ನಿಲ್ದಾಣ ಆಗ ಊರಿನ ದಕ್ಷಿಣದಂಚಿನ ರೆಡ್‌ಫರ್ನಿನಲ್ಲಿತ್ತು. ದೂರದಿಂದ ರೈಲಿನಲ್ಲಿ ಬಂದಿಳಿದ ಜನ ಪ್ರದರ್ಶನಕ್ಕೆ ಹೋಗುವುದು ಹೇಗೆ? ಅದಕ್ಕೆಂದು ತಾತ್ಕಾಲಿಕವಾಗಿ ಬೀದಿಯಲ್ಲಿ ಹಳಿ ಹಾಸಿ ಉಗಿ ಟ್ರಾಮನ್ನು ಓಡಿಸಿದರು. ಅಮೆರಿಕದ ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಅದರ ಇಂಜಿನುಗಳು ಬಂದವು. ಪ್ರದರ್ಶನ ಮುಗಿದೊಡನೆ ಹಳಿ ಕೀಳಬೇಕೆಂಬುದು ಮೊದಲಿನ ಮಾತು. ಜನ ಬಿಡಲಿಲ್ಲ. ತಾತ್ಕಾಲಿಕವೆಂದು ಬಂದದ್ದು ಊರಿನ ಎಲ್ಲ ದಿಕ್ಕಿಗೂ ಕೈಚಾಚಿತು.

ಅದೇ ಪ್ರದರ್ಶನದಿಂದ ಹುಟ್ಟಿದ ಇನ್ನೊಂದು ಕೂಸು ವಸ್ತುಸಂಗ್ರಹಾಲಯ. ಪ್ರದರ್ಶನಕ್ಕೆ ಬಂದ ಯಂತ್ರ, ಖನಿಜ, ಉಣ್ಣೆ, ಮರಮುಟ್ಟು, ಕಸುಬುಗಳ ಮಾದರಿಗಳಲ್ಲಿ ಆಯ್ದವನ್ನು ಅರಮನೆಯಲ್ಲೇ ಉಳಿಸಿಕೊಂಡು ಜನರ ತಿಳಿವಳಿಕೆಗಾಗಿ ಶಾಶ್ವತವಾಗಿ ಇಡಬೇಕೆಂದು ಯೋಚಿಸಿದರು. 1882ರ ಸೆಪ್ಟೆಂಬರ್ 22ರ ಬೆಳಗ್ಗೆ ಆ ಅರಮನೆಗೆ ಬೆಂಕಿ ಬಿತ್ತು. ಗುಮ್ಮಟ ಕುಸಿಯಿತು, ಬಾಗಿಲು ತೆರೆಯಲು ಸಿದ್ಧವಾಗಿದ್ದ ಸಂಗ್ರಹವೂ, ಅಲ್ಲಿರಿಸಿದ್ದ ಜನಗಣತಿಯ ದಾಖಲೆಗಳೂ, ಆ ನೆಲದ ಮೂಲನಿವಾಸಿಗಳ ಆಯುಧ ಉಪಕರಣಗಳೂ ಒಟ್ಟಿಗೆ ಬೂದಿಯಾದವು. ಹೀಗೆ ಶಾಶ್ವತವೆಂದು ಹುಟ್ಟಿದ್ದು ಮೂರು ವರ್ಷದಲ್ಲಿ ಸುಟ್ಟುಹೋಯಿತು; ತಾತ್ಕಾಲಿಕವೆಂದು ಹುಟ್ಟಿದ್ದು ಗಂಟೆ ಬಾರಿಸಿಕೊಂಡು ಓಡುತ್ತಲೇ ಇತ್ತು.

ಸುಟ್ಟುಹೋದದ್ದನ್ನು ಮತ್ತೆ ಕೂಡಿಸಿದವರ ಛಲ ಮೆಚ್ಚತಕ್ಕದ್ದು. ಊರಿನ ಆಸ್ಪತ್ರೆಯ ಹಿಂದಣ ತಗಡಿನ ಕೃಷಿಮಂಟಪದಲ್ಲಿ ಅವರಿಗೆ ಜಾಗ ಸಿಕ್ಕಿತು. ಮಗ್ಗುಲಲ್ಲೇ ಆಸ್ಪತ್ರೆಯ ಶವಾಗಾರ. ಅಲ್ಲಿಯ ದುರ್ಗಂಧದಲ್ಲಿ ಹತ್ತು ವರ್ಷ ಕಳೆದು, 1893ರಲ್ಲಿ ಸಂಗ್ರಹಾಲಯ ತನ್ನದೇ ಆದ ಇಟ್ಟಿಗೆಯ ಕಟ್ಟಡಕ್ಕೆ ಬಂದಿತು. ಆ ಕಟ್ಟಡ ಇದ್ದುದು ಅಲ್ಟಿಮೊದ ಹ್ಯಾರಿಸ್ ಬೀದಿಯಲ್ಲಿ.

ಇನ್ನು ಆರು ವರ್ಷಕ್ಕೆ ಅದೇ ಬೀದಿಯಲ್ಲಿ ಟ್ರಾಮಿನ ವಿದ್ಯುದಾಗಾರ ಎದ್ದಿತು. ಉಗಿ ಟ್ರಾಮಿನಿಂದ ಜನ ಬೇಸತ್ತಿದ್ದರು. ಕಿಡಿ, ಮಸಿ, ಗದ್ದಲ, ಬೆಚ್ಚಿಬೀಳುವ ಕುದುರೆಗಳು; ಸಾಲದುದಕ್ಕೆ ಏರುಬೀದಿಗಳು. 1899ರ ಡಿಸೆಂಬರ್ 8ರಂದು ಜಾರ್ಜ್ ಬೀದಿಯಲ್ಲಿ ವಿದ್ಯುತ್ ಟ್ರಾಮು ಓಡಿತು. ಅದಕ್ಕೆ ಉಸಿರು ಕೊಟ್ಟದ್ದು ಅಲ್ಟಿಮೊ.

ಜಾಗವನ್ನು ಆರಿಸಿದವರು ಜಾಣರು. ವಿದ್ಯುದಾಗಾರಕ್ಕೆ ಬೇಕಾದುದು ಮುಖ್ಯವಾಗಿ ಎರಡು, ಕಲ್ಲಿದ್ದಲು ಮತ್ತು ನೀರು. ಕಟ್ಟಡದ ಹಿಂದೆಯೇ ಡಾರ್ಲಿಂಗ್ ಬಂದರಿಗೆ ಹೋಗುವ ಗೂಡ್ಸು ರೈಲಿನ ಹಳಿ. ಕಲ್ಲಿದ್ದಲಿನ ವ್ಯಾಗನ್ನುಗಳು ನೇರವಾಗಿ ಅಂಗಳಕ್ಕೆ ಬರುತ್ತಿದ್ದವು. ಬಂದರಿನ ಉಪ್ಪುನೀರನ್ನು ಕಾಲುವೆಯಿಂದ ಒಳಗೆ ತಂದು, ಯಂತ್ರಗಳಲ್ಲಿ ದುಡಿದು ಬಂದ ಉಗಿಯನ್ನು ಮತ್ತೆ ನೀರಾಗಿ ತಣಿಸಲು ಬಳಸಿದರು. ಮೊದಮೊದಲು ಇಲ್ಲಿ ನೇರ ಪ್ರವಾಹವನ್ನೇ ಹುಟ್ಟಿಸಿ ಟ್ರಾಮಿನ ತಂತಿಗೆ ಕೊಡುತ್ತಿದ್ದರು. ಸುಮಾರು 600 ವೋಲ್ಟಿನ ಪ್ರವಾಹ ತಲೆಯ ಮೇಲಣ ತಂತಿಯಿಂದ ಇಳಿದು, ಮೋಟಾರನ್ನು ತಿರುಗಿಸಿ, ಹಳಿಯ ಮೂಲಕ ಮನೆಗೆ ಮರಳುತ್ತಿತ್ತು. ಆದರೆ ಇಷ್ಟು ಕಡಿಮೆ ಒತ್ತಡದ ಪ್ರವಾಹ ದೂರ ಹೋದಷ್ಟೂ ಸೋರಿಹೋಗುತ್ತದೆ. ಟ್ರಾಮಿನ ಹಾದಿ ಊರಾಚೆಗೆ ಹಬ್ಬಿದಾಗ 6,600 ವೋಲ್ಟಿನ ಪರ್ಯಾಯ ಪ್ರವಾಹವನ್ನು ಹುಟ್ಟಿಸಿ, ಅಲ್ಲಲ್ಲಿ ಉಪಕೇಂದ್ರಗಳನ್ನು ಕಟ್ಟಿ, ಅಲ್ಲಿ ತಿರುಗುವ ಪರಿವರ್ತಕ ಯಂತ್ರಗಳಿಂದ ಅದನ್ನು ಮತ್ತೆ ನೇರ ಪ್ರವಾಹವಾಗಿಸಬೇಕಾಯಿತು. ಆ ಯಂತ್ರಗಳಿಗೆ ಮಂದಗತಿಯೇ ಹಿತ. ಆದುದರಿಂದ ಸೆಕೆಂಡಿಗೆ 25 ಆವರ್ತಗಳ ಪ್ರವಾಹವನ್ನು ಆರಿಸಿಕೊಂಡರು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ನಮ್ಮ ಶಿವನಸಮುದ್ರದ ಯಂತ್ರಗಳೂ ಈ 25ರ ತಾಳಕ್ಕೇ ತಿರುಗುತ್ತಿದ್ದವು. ಒಂದು ಕಡೆ ಕಾವೇರಿಯ ಧುಮುಕು, ಇನ್ನೊಂದು ಕಡೆ ಕಲ್ಲಿದ್ದಲ ಕುಲುಮೆ. ತಾಳ ಮಾತ್ರ ಒಂದೇ.

ಹೊಸ ಯಂತ್ರ ಬಂದಂತೆ ಹಳೆಯದು ಹೋಗುವುದು ಇಂಥ ಮನೆಯ ಧರ್ಮ. ಕೊಂತ ಹಿಂದುಮುಂದು ಆಡುವ ಭಾರಿ ಉಗಿಯಂತ್ರಗಳು ಹೋಗಿ ಟರ್ಬೈನುಗಳು ಬಂದವು. ಇಂಜಿನು ಮನೆಗೆ ಟರ್ಬೈನು ಮನೆ ಅಂಟಿಕೊಂಡಿತು. ಬಾಯ್ಲರು ಮನೆ ಬೆಳೆಯಿತು. ಹೊರಗೋಡೆ ಮಾತ್ರ ಅದೇ ಇಟ್ಟಿಗೆ, ಎತ್ತರದ ಅದೇ ಕಮಾನು ಕಿಟಕಿ. ಯಂತ್ರಕ್ಕೆ ಬೆಳಕು ಬೇಡ, ಮೈಗೆ ಎಣ್ಣೆ ಹಾಕುವವನಿಗೆ ಬೇಕು ಎಂದು ಆ ಕಿಟಕಿಗಳನ್ನು ಇಟ್ಟವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಊರು ಬೆಳೆದಂತೆ ಅಲ್ಟಿಮೊ ಒಂದರಿಂದ ಸಾಲದಾಯಿತು. 1912ರಲ್ಲಿ ರೈಲ್ವೆಯವರು ಕೊಲ್ಲಿಯ ಆಚೆಗೆ ರೊಜೆಲ್ ಎಂಬಲ್ಲಿ ವೈಟ್ ಬೇ ವಿದ್ಯುದಾಗಾರವನ್ನು ಕಟ್ಟಲು ಕೈಹಾಕಿ 1917ರ ಹೊತ್ತಿಗೆ ಅದರ ಮೊದಲ ಹಂತವನ್ನು ಮುಗಿಸಿದರು. 1926ರ ಮಾರ್ಚ್ 1ರಂದು ಸಿಡ್ನಿಯ ಉಪನಗರಗಳಿಗೆ ವಿದ್ಯುತ್ ರೈಲು ಓಡಲು ತೊಡಗಿದಾಗಲೂ, 1932ರಲ್ಲಿ ಬಂದರಿನ ಮಹಾಸೇತುವೆಯ ಮೇಲೆ ರೈಲೂ ಟ್ರಾಮೂ ಜೊತೆಜೊತೆಯಾಗಿ ದಾಟಿದಾಗಲೂ ಹಿಂದೆ ನಿಂತು ಕೆಲಸ ಮಾಡಿದವು ಈ ಮಸಿಮೋರೆಯ ಮನೆಗಳೇ. ಸೇತುವೆಯ ಚಿತ್ರ ಜಗತ್ತಿನ ಗೋಡೆಗಳ ಮೇಲೆಲ್ಲ ತೂಗುತ್ತಿದೆ. ವೈಟ್ ಬೇಯ ಹೆಸರನ್ನು ಕೇಳಿದವರೆಷ್ಟು ಮಂದಿ?

ಎರಡನೆಯ ಮಹಾಯುದ್ಧದ ಕೊನೆಯ ವರ್ಷ, ಪೆಟ್ರೋಲು ಸಿಗದ ಕಾಲ, ಸಿಡ್ನಿಯ ಟ್ರಾಮುಗಳಲ್ಲಿ ಜನ ಮಾಡಿದ ಪ್ರಯಾಣಗಳ ಸಂಖ್ಯೆ 40 ಕೋಟಿಯನ್ನು ಮೀರಿತ್ತು. ಅಲ್ಲಿಂದ ಹದಿನಾರೇ ವರ್ಷ. 1961ರ ಫೆಬ್ರವರಿ 25ರಂದು ಆ ಊರಿನ ಕಡೆಯ ಟ್ರಾಮು ಲಾ ಪೆರೂಸಿಗೆ ಹೋಗಿ ಬಂದಿತು. ಮೋಟಾರು ಕಾರಿನ ಭರಾಟೆಯಲ್ಲಿ ಬೀದಿಯ ನಡುವಿನ ಹಳಿ ಅಡ್ಡಿಯಾಗಿ ಕಂಡಿತ್ತು; ಕಿತ್ತುಹಾಕಿದರು. 1963ರಲ್ಲಿ ಅಲ್ಟಿಮೊದ ಕುಲುಮೆಗಳು ಆರಿದವು. ಮುಂದಿನ ಹದಿನಾರು ಹದಿನೇಳು ವರ್ಷ ಆ ಮನೆಗೆ ಹೇಳಿಕೊಳ್ಳುವಂಥ ಚರಿತ್ರೆಯಿಲ್ಲ. ಯಂತ್ರಗಳನ್ನು ಕಳಚಿಕೊಂಡು ಹೋದ ಮೇಲೆ ಅದು ಬರಿಯ ಚಿಪ್ಪು.

ಅಷ್ಟರಲ್ಲಿ ಅದೇ ಬೀದಿಯ ಹಳೆಯ ನೆರೆಮನೆ, ಸಂಗ್ರಹಾಲಯ, ಉಸಿರುಗಟ್ಟಿ ಕೂತಿತ್ತು. 1893ರ ಕಟ್ಟಡದಲ್ಲಿ ಕಾಲು ಚಾಚಲು ಎಡೆಯಿಲ್ಲ. 1979ರಲ್ಲಿ ರಾಜ್ಯದ ಪ್ರಧಾನಿ ನೆವಿಲ್ ರ್‍ಯಾನ್ ಅವರ ಸರಕಾರ ಆ ಚಿಪ್ಪನ್ನು ಸಂಗ್ರಹಾಲಯಕ್ಕೆ ಕೊಡುವುದೆಂದು ಸಾರಿತು. ಒಂದೇ ಪ್ರದರ್ಶನದಲ್ಲಿ ಹುಟ್ಟಿ ಅಗಲಿದ್ದ ಎರಡು ಕೂಸುಗಳು ಸರಿಯಾಗಿ ನೂರು ವರ್ಷಕ್ಕೆ ಒಂದೇ ಸೂರಿನಡಿ ಸೇರುವಂತಾಯಿತು. ಕಾದಂಬರಿಕಾರನೊಬ್ಬ ಹೀಗೆ ಬರೆದಿದ್ದರೆ ಕಾಕತಾಳೀಯ ಅತಿಯಾಯಿತೆಂದು ವಿಮರ್ಶಕರು ಹುಬ್ಬೇರಿಸುತ್ತಿದ್ದರು.

ಲಯೊನೆಲ್ ಗ್ಲೆಂಡೆನಿಂಗ್ ಎಂಬ ಸರಕಾರಿ ವಾಸ್ತುಶಿಲ್ಪಿ ಹಳೆಯ ಮನೆಗಳ ಮಗ್ಗುಲಿಗೆ ಪೀಪಾಯಿಯನ್ನು ಸೀಳಿ ಕವಿಚಿದಂಥ ಕಮಾನು ಛಾವಣಿಯ ಹೊಸ ಕಟ್ಟಡವನ್ನು ಸೇರಿಸಿದರು. ಹಳೆಯ ಪ್ರದರ್ಶನ ಮಂಟಪಗಳ, ರೈಲು ನಿಲ್ದಾಣಗಳ ನೆನಪು ಅದರಲ್ಲಿದೆ. 1988ರ ಮಾರ್ಚ್ 10ರಂದು ಬಾಗಿಲು ತೆರೆಯಿತು. ಶಾಸನದಲ್ಲಿ ಈ ಸಂಸ್ಥೆಗೆ ಅನ್ವಯಿಕ ಕಲೆ ಮತ್ತು ವಿಜ್ಞಾನಗಳ ಸಂಗ್ರಹಾಲಯವೆಂಬ ಉದ್ದನೆಯ ಹೆಸರು. ಜನರ ಬಾಯಲ್ಲಿ ಅದು 'ಪವರ್‌ಹೌಸ್', ಅಷ್ಟೆ. ಮೆಜೆಸ್ಟಿಕ್ ಚಿತ್ರಮಂದಿರ ಹೋದ ಮೇಲೂ ಬೆಂಗಳೂರಿನ ಬಸ್ಸುಗಳು ಮೆಜೆಸ್ಟಿಕ್ಕಿಗೇ ಹೋಗುವುದಿಲ್ಲವೆ?

2017ರಲ್ಲಿ ನಾನು ಒಳಗೆ ಹೋದಾಗ ಮೊದಲು ಮನಸ್ಸನ್ನು ತುಂಬಿದ್ದು ವಸ್ತುಗಳಲ್ಲ, ಎತ್ತರ. ಬಾಯ್ಲರು ಮನೆಯಲ್ಲಿ ಒಂದು ಇಡೀ ಕ್ಯಾಟಲಿನಾ ವಿಮಾನ ತೂಗುತ್ತಿತ್ತು. ನೀರಿನ ಮೇಲೂ ಇಳಿಯಬಲ್ಲ, 1951ರಲ್ಲಿ ಪೆಸಿಫಿಕ್ ಸಾಗರವನ್ನು ದಾಟಿ ಚಿಲಿ ದೇಶಕ್ಕೆ ಹೋಗಿ ಬಂದ ವಿಮಾನ. ಅದನ್ನು ತೂಗುಹಾಕಿದ ಮೇಲೂ ಮನೆಯಲ್ಲಿ ಜಾಗ ಉಳಿದಿತ್ತು. ಸಾಮಾನ್ಯ ಸಂಗ್ರಹಾಲಯಗಳಲ್ಲಿ ರೈಲು ಇಂಜಿನನ್ನು ಇಟ್ಟರೆ ಮನೆಯೊಳಗೆ ಆನೆ ಕಟ್ಟಿದಂತೆ ಕಾಣುತ್ತದೆ. ಇಲ್ಲಿ 1854ರಲ್ಲಿ ರಾಬರ್ಟ್ ಸ್ಟೀಫನ್‌ಸನ್ ಕಂಪೆನಿ ತಯಾರಿಸಿದ, ಆ ರಾಜ್ಯದ ಮೊದಲನೆಯ ರೈಲ್ವೆಗೆಂದು ಬಂದ 'ಒಂದನೆಯ ನಂಬರಿನ' ಇಂಜಿನು ತನ್ನ ಕೊಟ್ಟಿಗೆಯಲ್ಲೇ ಇದ್ದಂತೆ ನಿರಾಳವಾಗಿ ನಿಂತಿತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ನಿಲ್ಲಿಸಿಕೊಂಡದ್ದು ಬೋಲ್ಟನ್ ಮತ್ತು ವಾಟ್ ಅವರ ಉಗಿಯಂತ್ರ. 1785ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಎಂಬ ಬೀರು ತಯಾರಕನ ಕಾರ್ಖಾನೆಯಲ್ಲಿ ಮೊಳಕೆ ಬಾರ್ಲಿಯನ್ನು ಅರೆಯಲು ಹೂಡಿದ್ದು. ಅಲ್ಲಿಯವರೆಗೆ ಆ ಗಿರಣಿಯನ್ನು ತಿರುಗಿಸುತ್ತಿದ್ದವು ಕುದುರೆಗಳು. ಅದನ್ನು ನೋಡಲು 1787ರಲ್ಲಿ ಮೂರನೆಯ ಜಾರ್ಜ್ ದೊರೆ ರಾಣಿಯೊಡನೆ ಬಂದಿದ್ದ. ನೂರು ವರ್ಷ ದುಡಿದ ಯಂತ್ರವನ್ನು 1887ರಲ್ಲಿ ನಿಲ್ಲಿಸಿದಾಗ, ಸಿಡ್ನಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆರ್ಚಿಬಾಲ್ಡ್ ಲಿವರ್‌ಸಿಜ್ ಬೇಡಿ ಪಡೆದರು. ಚಕ್ರ ತಿರುಗಿಸುವ ಉಗಿಯಂತ್ರಗಳಲ್ಲಿ ಇಷ್ಟು ಹಳೆಯದು ಇನ್ನೊಂದು ಉಳಿದಿಲ್ಲವೆಂದು ಬಲ್ಲವರು ಹೇಳುತ್ತಾರೆ. ನಾನು ಹೋದ ದಿನ ಅದಕ್ಕೆ ಉಗಿ ಕೊಟ್ಟಿದ್ದರು. ಮರದ ತೊಲೆ ನಿಧಾನವಾಗಿ ತಲೆ ತಗ್ಗಿಸಿತು, ಎತ್ತಿತು; ಸೂರ್ಯನ ಸುತ್ತ ಗ್ರಹದಂತೆ ಒಂದು ಹಲ್ಲುಚಕ್ರ ಇನ್ನೊಂದರ ಸುತ್ತ ಸುತ್ತಿತು; ಮೆಲುವಾದ ಒಂದು ನಿಟ್ಟುಸಿರು. ಸುತ್ತ ನೆರೆದ ಶಾಲೆಯ ಹುಡುಗರು ಮಾತು ಮರೆತು ನಿಂತರು. ಉಗಿಯನ್ನು ಕುರಿತು ನಾಲ್ಕು ಪಾಠ ಮಾಡಿದರೂ ಆಗದ ಕೆಲಸ ಆ ಒಂದು ನಿಟ್ಟುಸಿರಿನಿಂದ ಆಗುತ್ತದೆಂದು, ಬಹುಕಾಲ ಕರಿಹಲಗೆಯ ಮುಂದೆ ನಿಂತ ನಾನು ಹೇಳಬಲ್ಲೆ. ಇನ್ನೊಂದು ಸಂಗತಿ: 1879ರಲ್ಲಿ ಪ್ರದರ್ಶನಕ್ಕೆಂದು ಬಂದಿಳಿದ ಬಾಲ್ಡ್‌ವಿನ್ ಉಗಿ ಟ್ರಾಮಿನ ಇಂಜಿನುಗಳಲ್ಲಿ ಒಂದು ಈ ಸಂಗ್ರಹಾಲಯದ ಆಸ್ತಿ. ಯಾವ ಮನೆ ಅದರ ಅನ್ನ ಕಸಿದುಕೊಂಡಿತೋ ಆ ಮನೆಯ ಒಡೆತನಕ್ಕೇ ಅದು ಸೇರಿತು.

ಸತ್ತ ವಿದ್ಯುದಾಗಾರಕ್ಕೆ ಹೊಸ ಬಾಳು ಕೊಡುವ ಕೆಲಸವನ್ನು ಬೇರೆ ಊರುಗಳೂ ಮಾಡಿವೆ. ಬ್ರಿಸ್ಬೇನಿನ ಟ್ರಾಮುಗಳಿಗೆ 1928ರಿಂದ ವಿದ್ಯುತ್ತು ಕೊಟ್ಟ ಮನೆ 2000ದಲ್ಲಿ ನಾಟಕ ಸಂಗೀತಗಳ ಕೇಂದ್ರವಾಯಿತು. ಲಂಡನ್ನಿನ ಸುರಂಗ ರೈಲುಗಳಿಗಾಗಿ 1905ರಿಂದ ದುಡಿದ ಲಾಟ್ಸ್ ರೋಡಿನ ಮಹಾಗಾರ 2002ರಲ್ಲಿ ನಿಂತ ಮೇಲೆ ಅದನ್ನು ಉಳ್ಳವರ ವಸತಿಗೃಹಗಳಾಗಿ ಒಡೆಯಲು ಹೊರಟರು. ಗೋಡೆ ಉಳಿಯಿತಲ್ಲ ಎಂದು ಸಮಾಧಾನಪಡಬಹುದು. ಆದರೆ ಒಳಗಿನ ಎತ್ತರವನ್ನು ಅಂತಸ್ತು ಅಂತಸ್ತಾಗಿ ಕತ್ತರಿಸಿ, ಬಾಗಿಲಿಗೆ ಕಾವಲು ಹಾಕಿದ ಮೇಲೆ, ಎರಡು ಪೆನ್ನಿಯ ಟಿಕೆಟು ಕೊಂಡವನಿಗಾಗಿ ಉರಿದ ಕುಲುಮೆಯ ಮನೆ ಅದೆಂದು ಯಾರು ಹೇಳಬೇಕು? ಇಂಥ ಕಟ್ಟಡದ ಜೀವ ಇಟ್ಟಿಗೆಯಲ್ಲಿಲ್ಲ, ಆ ಬಯಲಿನಲ್ಲಿದೆ, ಅದಕ್ಕೆ ಯಾರೂ ಬರಬಹುದೆಂಬುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಾನು ಹೋದ ಕಾಲದಲ್ಲಿ ಅಲ್ಟಿಮೊದ ತಲೆಯ ಮೇಲೂ ಕತ್ತಿ ತೂಗುತ್ತಿತ್ತು. ಸಂಗ್ರಹಾಲಯವನ್ನು ಇಲ್ಲಿಂದ ಎತ್ತಿ ಪಶ್ಚಿಮದ ಪ್ಯಾರಮಟ್ಟಾಕ್ಕೆ ಒಯ್ಯುವುದೆಂದು 2014ರಲ್ಲಿ ಸರಕಾರ ಸಾರಿತ್ತು. ಇಲ್ಲಿಯ ನೆಲವನ್ನು ಮಾರುವುದು ಆ ಯೋಚನೆಯ ಒಂದು ಅಂಗ. ಪಶ್ಚಿಮದವರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಸಿಡ್ನಿಯ ಜನಸಂಖ್ಯೆಯ ದೊಡ್ಡ ಪಾಲು ಇರುವುದು ಆ ಕಡೆ. ಕಲಾಶಾಲೆ, ರಂಗಮಂದಿರ, ಸಂಗ್ರಹಾಲಯಗಳೆಲ್ಲ ಇರುವುದು ಬಂದರಿನ ಈ ಕಡೆ. ತಮ್ಮ ಮಕ್ಕಳಿಗೂ ಒಂದು ಬೇಕೆಂದು ಅವರು ಕೇಳಿದರೆ ತಪ್ಪೇನು? ಆದರೆ ಒಬ್ಬರಿಗೆ ಕೊಡಲು ಇನ್ನೊಬ್ಬರಿಂದ ಕಿತ್ತುಕೊಳ್ಳಬೇಕೆಂಬ ಲೆಕ್ಕ ಯಾರದು? ಬೋಲ್ಟನ್-ವಾಟ್ ಯಂತ್ರವನ್ನು ಕಳಚಿ ಸಾಗಿಸಿದರೆ ಉಳಿದೀತೆ ಎಂದು ತಜ್ಞರು ಕೇಳಿದರು. ಮೇಲ್ಮನೆಯ ಸಮಿತಿ ವಿಚಾರಣೆ ನಡೆಸಿತು. ನಿವೃತ್ತ ಇಂಜಿನಿಯರರೂ ಉಪಾಧ್ಯಾಯರೂ ಪತ್ರಿಕೆಗಳಿಗೆ ಕಾಗದ ಬರೆದು ಬರೆದು ದಣಿಯಲಿಲ್ಲ. 2020ರ ಜುಲೈಯಲ್ಲಿ ಸರಕಾರ ಮಾತು ಬದಲಿಸಿತು: ಅಲ್ಟಿಮೊ ಉಳಿಯುತ್ತದೆ, ಪ್ಯಾರಮಟ್ಟಾಕ್ಕೂ ಬೇರೊಂದು ಕಟ್ಟಡ ಬರುತ್ತದೆ. ಗೆಲುವೂ ಪೂರ್ತಿ ಗೆಲುವಲ್ಲ. ಪ್ಯಾರಮಟ್ಟಾದ ಹೊಸ ಕಟ್ಟಡಕ್ಕೆ ಜಾಗ ಮಾಡಲು 'ವಿಲ್ಲೋ ಗ್ರೋವ್' ಎಂಬ ಹತ್ತೊಂಬತ್ತನೆಯ ಶತಮಾನದ ಮನೆಯನ್ನು 2021ರಲ್ಲಿ ಕಳಚಿದರು; ಆ ಊರಿನ ಎಷ್ಟೋ ಮಂದಿ ಹುಟ್ಟಿದ ಹೆರಿಗೆಯ ಮನೆ ಅದು. ಅಲ್ಟಿಮೊವನ್ನೂ 2024ರ ಫೆಬ್ರವರಿಯಲ್ಲಿ ದೊಡ್ಡ ದುರಸ್ತಿಗೆಂದು ಮುಚ್ಚಿದರು. ಹಳೆಯ ವಿದ್ಯುದಾಗಾರಕ್ಕೆ ಬೆಲೆ ಕೊಡುವ ಭರದಲ್ಲಿ 1988ರ ಕೆಲಸವನ್ನು ಅಳಿಸಬಾರದೆಂದು ವಾದ ಮತ್ತೆ ಎದ್ದಿತು. ಮರುಬಳಕೆಗೂ ಚರಿತ್ರೆಯ ಮರ್ಯಾದೆ ಸಲ್ಲಬೇಕೆ ಎಂಬುದು ಹೊಸ ಪ್ರಶ್ನೆ, ಸಲ್ಲಬೇಕೆಂದೇ ನನಗನ್ನಿಸುತ್ತದೆ.

ಹೀಗಾಗಿ 2024ರ ಏಪ್ರಿಲಿನಲ್ಲಿ ನಾನು ಎರಡನೆಯ ಸಲ ಹೋದಾಗ ಅಲ್ಟಿಮೊದ ಬಾಗಿಲು ಹಾಕಿತ್ತು. ತೆರೆದಿದ್ದುದು ವೈಟ್ ಬೇ. 1983ರ ಕ್ರಿಸ್ಮಸ್ಸಿನ ದಿನ ನಿಂತ ಆ ಮನೆ ನಲವತ್ತು ವರ್ಷ ಬೀಗ ಹಾಕಿಕೊಂಡು ಕುಳಿತಿತ್ತು. 1999ರಲ್ಲಿ ರಾಜ್ಯದ ಪಾರಂಪರಿಕ ಪಟ್ಟಿಗೆ ಸೇರಿತು. ಬಗೆಬಗೆಯ ಯೋಜನೆಗಳು ಬಂದವು, ಹೋದವು. ಗಣಕಯಂತ್ರದ ಜಗತ್ತಿನ ಹೆಸರಾಂತ ಗೂಗಲ್ ಸಂಸ್ಥೆ ತನ್ನ ಕಚೇರಿಗಾಗಿ ನೋಡಿ 2017ರಲ್ಲಿ ಹಿಂದೆ ಸರಿಯಿತು. ಕಡೆಗೆ ಸಿಡ್ನಿಯ ದ್ವೈವಾರ್ಷಿಕ ಕಲಾಪ್ರದರ್ಶನಕ್ಕಾಗಿ 2024ರ ಮಾರ್ಚ್ 9ರಂದು ಬಾಗಿಲು ತೆರೆದರು.

ಅಲಕ್ಷ್ಯವೇ ಇಲ್ಲಿ ಒಂದು ಉಪಕಾರ ಮಾಡಿತ್ತು. ಅಲ್ಟಿಮೊದಲ್ಲಿ ಗುಜರಿಗೆ ಹೋದದ್ದು ಇಲ್ಲಿ ಪೂರ್ತಿ ಹೋಗಿರಲಿಲ್ಲ. ಕಲ್ಲಿದ್ದಲನ್ನು ಸುರಿಯುವ ಸಾಧನದಿಂದ ಹಿಡಿದು ಬಾಯ್ಲರು, ಟರ್ಬೈನು, ನಿಯಂತ್ರಣದ ಕೊಠಡಿಯವರೆಗೆ ಒಂದೊಂದು ಮಾದರಿ ತನ್ನ ಸ್ಥಾನದಲ್ಲೇ ಉಳಿದಿದೆ. ಟರ್ಬೈನು ಮನೆಯ ತೊಲೆಗಳಿಂದ ಕಲಾವಿದರ ಬಣ್ಣದ ಬಟ್ಟೆಗಳು ಇಳಿಬಿದ್ದಿದ್ದವು. ಪ್ರವೇಶಕ್ಕೆ ಹಣವಿರಲಿಲ್ಲ, ತಳ್ಳುಗಾಡಿಯಲ್ಲಿ ಕೂಸುಗಳನ್ನಿಟ್ಟುಕೊಂಡು ತಾಯಂದಿರು ಬಂದಿದ್ದರು. ಅವರಲ್ಲಿ ಅನೇಕರು ಕಲಾಕೃತಿಗಳನ್ನು ಬಿಟ್ಟು ಗೋಡೆಯ ಮೇಲಿನ ಕವಾಟಗಳನ್ನೂ ಮೀಟರುಗಳನ್ನೂ ನೋಡುತ್ತ ನಿಂತಿದ್ದುದನ್ನು ಕಂಡು ಕಲಾವಿದರು ಬೇಸರಿಸಬಾರದು.

ಅಲ್ಲಿಂದ ಹಿಂದಿರುಗುವಾಗ ಅಲ್ಟಿಮೊದ ಹಿಂಬದಿಯನ್ನು ಸುತ್ತಿಕೊಂಡು ಬಂದೆ. ಕಲ್ಲಿದ್ದಲು ತರುತ್ತಿದ್ದ ಗೂಡ್ಸು ಹಳಿಯ ಒಂದು ಭಾಗವನ್ನು 2015ರಲ್ಲಿ ಕಾಲುದಾರಿಯಾಗಿ ಮಾಡಿದ್ದಾರೆ. ಹಳಿಯ ತುಂಡುಗಳನ್ನು ನೆಲದಲ್ಲಿ ಹಾಗೆಯೇ ಬಿಟ್ಟು, ಮಗ್ಗುಲಲ್ಲಿ ಬೆಂಚುಗಳನ್ನು ಹಾಕಿದ್ದಾರೆ. ಉಳಿದ ಭಾಗದ ಮೇಲೆ 1997ರಿಂದ ಹೊಸ ಟ್ರಾಮು ಓಡುತ್ತಿದೆ. ಬಾಯ್ಲರು ಮನೆಯ ಗೋಡೆಯ ಹತ್ತಿರ ಅದು ವೇಗ ತಗ್ಗಿಸಿ, ಒಂದು ಸಲ ಗಂಟೆ ಬಾರಿಸಿ, ಬಂದರಿನ ಕಡೆ ತಿರುಗಿತು.